ಬೇರು ತಾನೇ, ಏನಾಗುತ್ತೆ?

ಚೊಚ್ಚಲ ಬಸುರಿ ಮಗಳು ಬೆಂಗಳೂರಿನಿಂದ ಅರಸೀಕೆರೆಗೆ ಬಂದಾಗ ಐದು ತಿಂಗಳು ತುಂಬಿತ್ತು. ರೈಲಿನಿಂದ ಇಳಿದವಳ ಮುಖದಲ್ಲಿ ಬಸುರಿಯ ಕಳೆಯೇ ಇರಲಿಲ್ಲ. ಯಾವ ಬಯಕೆಯೂ ಇಲ್ಲ. ತಲೆ ಬಾಚಿಕೊಳ್ಳಲೂ ಬೇಸರ. ರಾತ್ರಿ ಎರಡಕ್ಕೆ ಎದ್ದು ನೋಡಿದರೆ ಜಗಲಿಯಲ್ಲಿ ಒಬ್ಬಳೇ ಕೂತು ಗೂಡ್ಸ್ ಗಾಡಿಯ ಸದ್ದು ಕೇಳುತ್ತಿದ್ದಳು.

'ಬೇಲೂರಿಗೆ ಕರೆದುಕೊಂಡು ಹೋಗಿ ಬನ್ನಿ, ಮನಸ್ಸು ಹಗುರಾಗುತ್ತೆ' ಎಂದರು ಬೀಗಿತ್ತಿ. ಹೋದೆವು. ದರ್ಪಣ ಸುಂದರಿಯನ್ನು ತೋರಿಸಿ, 'ನೋಡೇ, ಎಷ್ಟು ಚೆಂದ' ಎಂದೆ. 'ಅವಳಿಗೆ ಕನ್ನಡಿ ನೋಡಿಕೊಳ್ಳುವ ಮನಸ್ಸಾದರೂ ಇದೆಯಲ್ಲಮ್ಮ' ಎಂದಳು. ಆ ಮಾತು ನನಗೆ ಅಂದು ಅರ್ಥವಾಗಲಿಲ್ಲ.

ವಾಪಸು ಬರುವಾಗ ಹಳೇಬೀಡಿನಲ್ಲಿ ಚಿಕ್ಕಮ್ಮನ ಮನೆಗೆ ಹೋದೆವು. ಚಿಕ್ಕಮ್ಮ ಒಂದು ಪೊಟ್ಟಣ ಕೊಟ್ಟರು. 'ಹಿರೇಮದ್ದಿನ ಬೇರಿನ ಪುಡಿ, ಅದೇ ಅಶ್ವಗಂಧ. ಹಾಲಿಗೆ ಹಾಕಿ ಕೊಡು, ನಿದ್ದೆ ಬರುತ್ತೆ. ಬೇರು ತಾನೇ, ಏನಾಗುತ್ತೆ?' ಬಿ.ಎ., ಬಿ.ಎಡ್. ಓದಿದ ನಾನೂ ತಲೆಯಾಡಿಸಿದೆ. ಒಂಬತ್ತು ರಾತ್ರಿ ಕೈಯಾರೆ ಕುಡಿಸಿದೆ.

ಹತ್ತನೆಯ ದಿನ ತಪಾಸಣೆ. 'ಬೇರೆ ಔಷಧಿ ಏನಾದರೂ?' ಎಂದು ಡಾಕ್ಟರಮ್ಮ ಕೇಳಿದರು. 'ಔಷಧಿ ಏನಿಲ್ಲ, ಒಂದು ಮನೆಮದ್ದು' ಎಂದೆ. ಹೆಸರು ಕೇಳಿ ಅವರು ಪೆನ್ನು ಕೆಳಗಿಟ್ಟರು. ಅಶ್ವಗಂಧದಿಂದ ಗರ್ಭಪಾತವಾಗಬಹುದೆಂಬ ಆತಂಕವಿದೆ, ಬಸುರಿಯರಿಗೆ ಕೊಡಬಾರದು. ಬ್ರಾಹ್ಮಿಯೂ ಬಸಿರಿನಲ್ಲಿ ಸುರಕ್ಷಿತವೆನ್ನಲು ಸಾಕಷ್ಟು ಪರೀಕ್ಷೆ ನಡೆದಿಲ್ಲ ಎಂದರು. ಪಾಶ್ಚಾತ್ಯರು ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಬೇರೆ ಮಾತ್ರೆಗಳ ಶಕ್ತಿಯನ್ನೇ ಕುಗ್ಗಿಸುತ್ತದಂತೆ. 2011-12ರಲ್ಲಿ ನ್ಯೂಯಾರ್ಕಿನಲ್ಲಿ, ಭಾರತದಲ್ಲಿ ತಯಾರಾದ ಆಯುರ್ವೇದದ ಮಾತ್ರೆ ನುಂಗಿದ 6 ಗರ್ಭಿಣಿಯರ ರಕ್ತದಲ್ಲಿ ಸೀಸ ಸಿಕ್ಕಿತ್ತು. ಸೀಸ ತಾಯಿಯಿಂದ ಮಗುವಿಗೂ ಇಳಿಯುತ್ತದೆ. ನನ್ನ ಕೈಕಾಲು ತಣ್ಣಗಾದವು.

'ಇವಳಿಗಿರುವುದು ಬರೀ ಬೇಸರವಲ್ಲ, ಖಿನ್ನತೆ. ಇದಕ್ಕೆ ಚಿಕಿತ್ಸೆ ಇದೆ' ಎಂದು ಅವರೇ ಮನೋವೈದ್ಯರಿಗೆ ಚೀಟಿ ಬರೆದರು. ವಾರಕ್ಕೊಮ್ಮೆ ಆಪ್ತ ಸಮಾಲೋಚನೆ. ಜೊತೆಗೆ ಬಸಿರಿನಲ್ಲಿ ಕೊಡಬಹುದಾದ ಒಂದು ಮಾತ್ರೆ. ಅದನ್ನು ತಾವಾಗಿ ಥಟ್ಟನೆ ನಿಲ್ಲಿಸಕೂಡದು ಎಂಬ ಎಚ್ಚರಿಕೆ ಬೇರೆ. ತೀರಾ ಕಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವಿಗೆಂದೇ ವಾರ್ಡು ಇದೆ. 2022ರಿಂದ 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಯಾವ ಹೊತ್ತಿನಲ್ಲೂ ಮಾತನಾಡುತ್ತಾರೆ, ಕಾಸಿಲ್ಲದೆ.

ಮೊಮ್ಮಗಳು ಈಗ ಅಂಬೆಗಾಲಿಡುತ್ತಾಳೆ, ದೇವರ ದಯೆ. ಆದರೂ ಆ ಒಂಬತ್ತು ಲೋಟ ಹಾಲು ನನ್ನನ್ನು ಬಿಟ್ಟಿಲ್ಲ. ಚಿಕ್ಕಮ್ಮನನ್ನು ದೂರಲಾರೆ, ಪ್ರೀತಿಯಿಂದಲೇ ಕೊಟ್ಟರು. ತರಗತಿಯಲ್ಲಿ ಸಪ್ಪಗೆ ಕೂತ ಮಗುವನ್ನು 'ಯಾಕಮ್ಮಾ?' ಎಂದು ವಿಚಾರಿಸುವ ನಾನು, ಸ್ವಂತ ಮಗಳನ್ನು ಕೇಳದೆ ಹಾಲು ಕಲಸಲು ಹೋದೆನಲ್ಲ! ನಿಮ್ಮ ಮನೆಯಲ್ಲಿ ಮಂಕಾದ ಬಸುರಿಯಿದ್ದರೆ ಮೊದಲು ಪಕ್ಕದಲ್ಲಿ ಕೂತು ಕೇಳಿ. ಪೊಟ್ಟಣ ಬಿಚ್ಚುವ ಮುನ್ನ ಡಾಕ್ಟರಿಗೆ ತೋರಿಸಿ.