ಕೂಡಿ ನುಡಿಸುವ ಸುಖ

ಸಂಜೆ ಆರರ ಹೊತ್ತಿಗೆ ಜಯನಗರದ ಅಡ್ಡರಸ್ತೆಗಳಲ್ಲಿ ನಡೆದುಬರುವವರಿಗೆ, ಬೇಡವೆಂದರೂ ಸಂಗೀತವು ಕಿವಿಗೆ ಬೀಳುತ್ತದೆ. ಒಂದು ಮನೆಯಲ್ಲಿ ಹುಡುಗಿಯೊಬ್ಬಳು ಪಿಟೀಲಿನ ಮೇಲೆ ಮಾಯಾಮಾಳವಗೌಳದ ಸರಳೆಗಳನ್ನು ತಿದ್ದುತ್ತಿರುತ್ತಾಳೆ. ಎದುರು ಮನೆಯ ಗೃಹಿಣಿ ವೀಣೆಯನ್ನು ಶ್ರುತಿಗೂಡಿಸುತ್ತಿರುತ್ತಾರೆ. ಮೂಲೆಮನೆಯ ಮಹಡಿಯಿಂದ ಮೃದಂಗದ ನಡೆ ಕೇಳಿಬರುತ್ತದೆ. ಒಂದೇ ಬೀದಿಯಲ್ಲಿ ಇಷ್ಟು ವಾದ್ಯಗಳು! ಆದರೆ ಇವರೆಲ್ಲ ಒಂದು ಕೋಣೆಯಲ್ಲಿ ಕುಳಿತು ಕೂಡಿ ನುಡಿಸಿದ್ದುಂಟೆ? ಬಲು ಅಪರೂಪ. ಪಿಟೀಲಿನ ಹುಡುಗಿಗೆ ಎದುರು ಮನೆಯ ವೀಣೆ ಅಭ್ಯಾಸಕ್ಕೆ ಅಡ್ಡಿ; ವೀಣೆಯವರಿಗೆ ಪಿಟೀಲು ಅಡ್ಡಿ.

ವಿಚಿತ್ರವೆಂದರೆ, ಈ ಬಡಾವಣೆಗೆ ಹೆಸರು ಬಂದದ್ದೇ ವಾದ್ಯಮೇಳದ ಹುಚ್ಚು ಹತ್ತಿದ್ದ ಅರಸರೊಬ್ಬರಿಂದ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದೇ ವರ್ಷ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಯುದ್ಧದಿಂದ ಬಳಲಿದ್ದ ಇಂಗ್ಲೆಂಡಿನಲ್ಲಿ 1945ರಲ್ಲಿ ಹುಟ್ಟಿದ ಆ ವಾದ್ಯವೃಂದವು ಕಾಲೂರುವುದಕ್ಕೆ ಮೈಸೂರಿನ ಹಣ ನೆರವಾಯಿತು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತಕಾರ ಮೆಟ್ನರ್ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಿದ್ದು ಒಡೆಯರ ಔದಾರ್ಯದಿಂದಲೇ. ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರು ಒಡೆಯರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಖರ್ಚಿನ ಹೊಣೆ ಹೊತ್ತವರೂ ಇವರೇ. ಇತ್ತ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಇವರೇ ಎಂಬುದನ್ನು ಮರೆಯಲಾಗದು.

ಈ ಹುಚ್ಚು ಮನೆತನದಿಂದ ಬಂದದ್ದು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯವೃಂದವನ್ನು ಆಟ್ಟೊ ಷ್ಮಿಟ್ ನಡೆಸುತ್ತಿದ್ದರು. ಜೊತೆಗೆ ಕರ್ನಾಟಕ ಸಂಗೀತದ ವಾದ್ಯವೃಂದವೂ ಇತ್ತು. ಅದಕ್ಕಾಗಿ ವೀಣೆ ವೆಂಕಟಗಿರಿಯಪ್ಪನವರು 'ನಗ್ಮಾ'ಗಳೆಂಬ ಹೊಸ ಬಗೆಯ ವಾದ್ಯಕೃತಿಗಳನ್ನು ರಚಿಸಿದರು. ಇದೇನೂ ಸುಲಭದ ಕೆಲಸವಲ್ಲ. ಕಛೇರಿಯಲ್ಲಿ ವಿದ್ವಾಂಸರು ತೋಡಿಯ ಗಾಂಧಾರವನ್ನು ತಮ್ಮ ಮನೋಧರ್ಮಕ್ಕೆ ತಕ್ಕಂತೆ ಆಂದೋಲಿಸಬಹುದು. ವೃಂದದಲ್ಲಾದರೋ ಹತ್ತು ಬಿಲ್ಲುಗಳು ಅದನ್ನು ಒಂದೇ ಉಸಿರಿನಲ್ಲಿ, ಒಂದೇ ತೂಕದಲ್ಲಿ ಆಂದೋಲಿಸಬೇಕು. ತನ್ನ ಕೈಯನ್ನಲ್ಲ, ಪಕ್ಕದವನ ಕೈಯನ್ನು ಕೇಳುವ ಕಿವಿ ಅದಕ್ಕೆ ಬೇಕು.

ಅರಸೊತ್ತಿಗೆ ಹೋಯಿತು. ಅರಮನೆಯ ಬ್ಯಾಂಡು ಪೊಲೀಸು ಇಲಾಖೆಗೆ ಸೇರಿತು. ದಸರೆಯಲ್ಲಿ ಅದರ ವಾದನವನ್ನು ಜನರು ಇಂದಿಗೂ ಕೇಳುತ್ತಾರೆ. ವೆಂಕಟಗಿರಿಯಪ್ಪನವರ ಶಿಷ್ಯರಾದ ದೊರೆಸ್ವಾಮಿ ಅಯ್ಯಂಗಾರ್ಯರು ಬೆಂಗಳೂರು ಆಕಾಶವಾಣಿಯನ್ನು ಸೇರಿ, ಸಂಗೀತ ರೂಪಕಗಳಿಗೆ ರಾಗ ಸಂಯೋಜಿಸಿದರು.

ಆದರೆ ಕೋಣೆಯಷ್ಟೇ ಅಗಲದ ವಾದ್ಯಮೇಳಕ್ಕೆ ಮಹಾರಾಜರು ಬೇಕಿಲ್ಲ. ಹದಿನೈದು ಜನರೂ ವಾರಕ್ಕೊಂದು ಸಂಜೆಯೂ ಸಾಕು. ಪಶ್ಚಿಮದ ಊರುಗಳಲ್ಲಿ ಇಂಥ ಮೇಳಗಳನ್ನು ಉಳಿಸಿಕೊಂಡು ಬಂದವರು ಎಲ್ಲರೂ ಘನವಿದ್ವಾಂಸರಲ್ಲ. ವೈದ್ಯರು, ಉಪಾಧ್ಯಾಯರು, ಗುಮಾಸ್ತರು. ನಮ್ಮಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ ಹುಡುಗಿಗೆ ಎರಡೇ ದಾರಿ: ವಿದುಷಿಯಾಗಿ ವೇದಿಕೆ ಏರುವುದು, ಇಲ್ಲವೆ ಪಿಟೀಲನ್ನು ಅಟ್ಟಕ್ಕೆ ಏರಿಸುವುದು. ಎರಡನೆಯ ದಾರಿ ಹಿಡಿದವರೇ ಹೆಚ್ಚು. ಹತ್ತು ವರ್ಷದ ಪಾಠ, ಗುರುಗಳ ಬೈಗುಳ, ತಂದೆತಾಯಿಗಳ ದುಡ್ಡು ಎಲ್ಲವೂ ಪೆಟ್ಟಿಗೆಯೊಳಗೆ ಧೂಳು ತಿನ್ನುತ್ತವೆ. ಮೇಳದಲ್ಲಿ ಹಿಂದಿನ ಸಾಲಿಗೂ ಮರ್ಯಾದೆಯ ಜಾಗವುಂಟು. ಅಲ್ಲಿ ಕುಳಿತವರಿಗೆ ತನಿಯಾಗಿ ಮೆರೆಯುವ ಕಷ್ಟವಿಲ್ಲ. ತಪ್ಪದೆ ಬರಬೇಕಾದ ಕಷ್ಟವುಂಟು.

ಮೊದಲ ಸಂಜೆಯೇ ಜಗಳವಾಗುವುದು ಖಂಡಿತ, ಅದೂ ಶ್ರುತಿಯ ವಿಷಯದಲ್ಲಿ. ಪಿಟೀಲಿನವರೂ ವೀಣೆಯವರೂ ಬಿರಡೆ ತಿರುಗಿಸಿ ತಂತಿಯನ್ನು ಏರಿಸಿ ಇಳಿಸಬಲ್ಲರು. ಕೊಳಲಿಗೆ ಬಿರಡೆಯಿಲ್ಲ, ಉಳಿದವರೇ ಅದರ ಬಳಿಗೆ ಬರಬೇಕು.