ಅರಿಶಿನದ ಮಾತ್ರೆಯೊಳಗಿನ ಮೆಣಸು

ಅರಿಶಿನದ ಕ್ಯಾಪ್ಸೂಲ್ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ 'ಪೈಪರಿನ್' ಅಂತ ಇರೋದನ್ನ ಗಮನಿಸಿದ್ದೀರಾ? ಕಾಳುಮೆಣಸಿನ ಖಾರದ ಅಂಶ ಅದು. ಅಲ್ಲಿಗೆ ಯಾಕೆ ಬಂತು ಅನ್ನೋ ಕಥೆ ನಮ್ಮ ಬೆಂಗಳೂರಿನದೇ.

ಅರಿಶಿನದ ತೂಕದಲ್ಲಿ ನೂರಕ್ಕೆ ಸುಮಾರು 3 ಭಾಗ ಮಾತ್ರ ಕರ್ಕ್ಯುಮಿನ್. ಲ್ಯಾಬಿನಲ್ಲಿ ಅದು ಉರಿಯೂತದ ಎಷ್ಟೋ ಟೆಸ್ಟ್‌ಗಳಲ್ಲಿ ಪಾಸು. ಆದರೆ ಅದು ತಾನೇ ಹೊಳೆಯುವ ವಸ್ತು, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಟೆಸ್ಟ್‌ಗಳೇ ಮೋಸಹೋಗುತ್ತವೆ ಎಂದು 2017ರಲ್ಲಿ ರಸಾಯನ ವಿಜ್ಞಾನಿಗಳು ಎಚ್ಚರಿಸಿದರು. ಕೋಡ್ ಬರೆಯೋ ನಮ್ಮಂಥವರಿಗೆ ಇದು ಹೊಸದಲ್ಲ, ಫಾಲ್ಸ್ ಪಾಸಿಟಿವ್!

ಹಾಗಂತ ಎಲ್ಲಾ ಬುರುಡೆಯಲ್ಲ. ಥಾಯ್ಲೆಂಡಿನಲ್ಲಿ ಮಂಡಿ ಸವೆತವಿದ್ದ 367 ಜನರನ್ನು ಎರಡು ಗುಂಪು ಮಾಡಿ, ನಾಲ್ಕು ವಾರ ಒಂದು ಗುಂಪಿಗೆ ದಿನಕ್ಕೆ 1500 ಮಿ.ಗ್ರಾಂ ಅರಿಶಿನದ ಸಾರ, ಇನ್ನೊಂದಕ್ಕೆ 1200 ಮಿ.ಗ್ರಾಂ ಐಬುಪ್ರೊಫೇನ್ ಕೊಟ್ಟರು. 2014ರಲ್ಲಿ ಬಂದ ಫಲಿತಾಂಶ: ನೋವು ಇಳಿದದ್ದು ಹೆಚ್ಚುಕಮ್ಮಿ ಒಂದೇ ಸಮ, ಹೊಟ್ಟೆನೋವಿನ ಕಾಟ ಅರಿಶಿನದವರಿಗೆ ಕಡಿಮೆ.

ಇನ್ನು ಮೆಣಸಿನ ವಿಷಯ. ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರೋದೇ ಅಪರೂಪ, ದೇಹ ಬೇಗ ಹೊರಹಾಕಿಬಿಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸಿಗುವ ಪ್ರಮಾಣ 2000% ಏರಿತು. 1998ರ ಆ ವರದಿಯ ಸಂಖ್ಯೆಯನ್ನೇ ಇವತ್ತಿಗೂ ಜಾಹೀರಾತುಗಳು ಕೂಗುತ್ತಿವೆ.

ಜಾಹೀರಾತು ಹೇಳದ ಮಾತೊಂದಿದೆ. ಪೈಪರಿನ್ ಇದನ್ನು ಸಾಧಿಸೋದು ಔಷಧ ಕರಗಿಸೋ ಲಿವರ್ ಕೆಲಸವನ್ನು ನಿಧಾನ ಮಾಡಿ. ಲಿವರಿಗೆ ಅರಿಶಿನ ಯಾವುದು, ಬಿ.ಪಿ. ಮಾತ್ರೆ ಯಾವುದು ಅಂತ ಭೇದವಿಲ್ಲವಲ್ಲ! ಪ್ರೊಪ್ರಾನೊಲಾಲ್, ಫೆನಿಟಾಯಿನ್‌ನಂಥ ಮಾತ್ರೆಗಳೂ ಪೈಪರಿನ್ ಜೊತೆಗೆ ರಕ್ತದಲ್ಲಿ ಹೆಚ್ಚಾಗಿದ್ದು ದಾಖಲಾಗಿದೆ.

ಇಷ್ಟೆಲ್ಲ ಓದಿದ್ದು ಅಮ್ಮನಿಗೋಸ್ಕರ. ಅವಳಿಗೆ ಮಂಡಿನೋವು. ಹಾರ್ಟಿಗೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸೋ ಮಾತ್ರೆಯೂ ಇದೆ. ಕರ್ಕ್ಯುಮಿನ್ ಕೂಡ ರಕ್ತ ಹೆಪ್ಪುಗಟ್ಟೋದನ್ನ ತಡೆಯಬಹುದು. "ಅರಿಶಿನ ತಾನೇ ಕಣೋ, ದಿನಾ ಹುಳಿಗೆ ಹಾಕ್ತೀವಲ್ಲ, ತರಿಸ್ಕೊಡು" ಅಂದಳು. ಡಬ್ಬಿಯ ಫೋಟೋ ಡಾಕ್ಟರಿಗೆ ಕಳಿಸಿದೆ. "ಈ ಮಾತ್ರೆಗಳ ಜೊತೆ ಬೇಡ" ಅಂತ ಉತ್ತರ ಬಂತು.

"ಹಂಗಾದ್ರೆ ಸಾರಿಗೆ ಮೆಣಸೂ ಹಾಕ್ಬಾರ್ದಾ?" ಅಮ್ಮನಿಗೆ ಸಿಟ್ಟು. ಸಾರಿನ ಚಿಟಿಕೆ ಬೇರೆ, ಮಾತ್ರೆಯ ಡೋಸ್ ಬೇರೆ ಅಂದೆ. ಈಗ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡ್ತಿದ್ದಾಳೆ, ಗೊಣಗಿಕೊಂಡೇ.