ಪ್ಲೇಟಿನ ಹಿಂದಿನ ಮೆಲುಮಾತು

ಮಕ್ಕಳ ಬೇಸ್‌ಬಾಲ್‌ನಲ್ಲಿ ಅಂಪೈರ್ ಕೊಡುವ ಎಚ್ಚರಿಕೆ ಶಿಕ್ಷೆಯಲ್ಲ, ಶಿಕ್ಷೆ ಬೇಡವಾಗಲಿ ಎಂದು ಆಡುವ ಮಾತು. 1939ರಲ್ಲಿ ಅಮೆರಿಕದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಹುಟ್ಟುಹಾಕಿದ ಲಿಟಲ್ ಲೀಗ್‌ನಲ್ಲಿ ಅಂಪೈರ್ ಕೆಲಸ ಮಾಡುವವರು ಬಹುಪಾಲು ಸ್ವಯಂಸೇವಕರು. ಹನ್ನೆರಡರ ಒಳಗಿನ ಮಕ್ಕಳಿಗೆ ಬೇಸ್‌ಗಳ ನಡುವೆ 60 ಅಡಿ, ಎಸೆತಗಾರನಿಂದ ಬ್ಯಾಟುಗಾರ ನಿಲ್ಲುವ ಪ್ಲೇಟಿಗೆ 46 ಅಡಿ. ಇಷ್ಟು ಚಿಕ್ಕ ಅಂಗಳದಲ್ಲಿ ಕೋಚ್ ಗೊಣಗಿದ್ದು ಅಂಪೈರ್ ಕಿವಿಗೆ ಬೀಳುವಾಗಲೇ ಮಕ್ಕಳ ಕಿವಿಗೂ ಬೀಳುತ್ತದೆ.

ಮಕ್ಕಳನ್ನು ಎಚ್ಚರಿಸುವುದು ಸುಲಭ. ಚೆಂಡು ಹೊಡೆದ ಹುರುಪಿನಲ್ಲಿ ಹುಡುಗ ಬ್ಯಾಟನ್ನು ಬೀಸಿ ಎಸೆದು ಓಡಿದರೆ, ಆ ಓಟ ಮುಗಿದ ಮೇಲೆ ಕೋಚ್‌ನನ್ನೂ ಕರೆದು ಇಬ್ಬರಿಗೂ ಮೆಲ್ಲಗೆ ಹೇಳಿದರೆ ಸಾಕು. ಆದರೆ ಎಲ್ಲ ತಪ್ಪಿಗೂ ಎಚ್ಚರಿಕೆಯ ರಿಯಾಯಿತಿ ಇಲ್ಲ. ಈ ವಯಸ್ಸಿನಲ್ಲಿ ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರಿದವನು ಔಟ್. ಕತ್ತು ಮುರಿದೀತೆಂಬ ಭಯ ಇರುವಲ್ಲಿ ಕನಿಕರ ತೋರಿಸಕೂಡದು.

ಕಷ್ಟವಿರುವುದು ದೊಡ್ಡವರ ಹತ್ತಿರ. ಕೋಚ್ ಮೊದಲು ಟೈಮ್, ಅಂದರೆ ಆಟಕ್ಕೆ ವಿರಾಮ, ಕೇಳಬೇಕು, ಸಿಕ್ಕ ಮೇಲೆ ಅಂಗಳಕ್ಕಿಳಿಯಬೇಕು. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ಕೇಳುವ ಹಕ್ಕು ಅವರಿಗಿದೆ, ಅದನ್ನು ಅಂಪೈರ್ ಪೂರ್ತಿ ಕೇಳಿಸಿಕೊಳ್ಳಬೇಕು. ಎಸೆತ ಬಾಲೋ (ಹೊಡೆಯುವ ವಲಯದ ಹೊರಗೋ), ಸ್ಟ್ರೈಕೋ (ಒಳಗೋ) ಎಂಬುದು ಕಣ್ಣಿನ ತೀರ್ಪು. ಅಲ್ಲಿ ವಾದಕ್ಕೆ ಎಡೆಯಿಲ್ಲ. ಮೊದಲ ಗೊಣಗಾಟ ಕೇಳಿಸಲೇ ಇಲ್ಲವೆಂಬಂತೆ ಇರುವುದು, ಎರಡನೆಯದಕ್ಕೆ ಒಂದು ನೋಟ ಅಥವಾ ‘ಕೇಳಿಸಿತು, ಸಾಕು’ ಎಂಬಷ್ಟು ಮಾತು, ಆಮೇಲೆ ಸ್ಪಷ್ಟ ಎಚ್ಚರಿಕೆ, ಅದನ್ನೂ ಮೀರಿದರೆ ಹೊರಗೆ: ಅನುಭವಿಗಳು ಹತ್ತುವ ಮೆಟ್ಟಿಲುಗಳಿವು. ಎಚ್ಚರಿಕೆ ಕೊಟ್ಟದ್ದನ್ನು ಇನ್ನಿಂಗ್ಸ್ ಸಮೇತ ಆಟಗಾರರ ಪಟ್ಟಿಯ ಚೀಟಿಯಲ್ಲೇ ಗುರುತು ಹಾಕಿಕೊಳ್ಳುವವರೂ ಇದ್ದಾರೆ. ಬೈಗುಳ ಅಂಪೈರ್ ಎಂಬ ವ್ಯಕ್ತಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಮಗುವಿನ ಮೇಲೆ ತಿರುಗಿದರೆ ಮೆಟ್ಟಿಲುಗಳನ್ನು ಎಣಿಸುತ್ತ ನಿಲ್ಲಬೇಕಿಲ್ಲ.

ದೊಡ್ಡವರ ನ್ಯಾಷನಲ್ ಲೀಗ್‌ನಲ್ಲಿ 1905ರಿಂದ 1941ರವರೆಗೆ ಅಂಪೈರ್ ಆಗಿದ್ದ ಬಿಲ್ ಕ್ಲೆಮ್, ವಾದಕ್ಕೆ ಬಂದವರ ಮುಂದೆ ಶೂ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದರು, ದಾಟಿದವರು ಹೊರಗೆ. ಮಕ್ಕಳ ಅಂಗಳದಲ್ಲಿ ಆ ಗೆರೆ ಮನಸ್ಸಿನೊಳಗಿದ್ದರೇ ಚೆಂದ. ನೂರು ಕಣ್ಣುಗಳ ಮುಂದೆ ಎಳೆದ ಗೆರೆಯಿಂದ ಹಿಂದೆ ಸರಿಯುವುದು ಯಾವ ಕೋಚ್‌ಗೂ ಕಷ್ಟ.

ಬ್ಯಾಟಿಗೆ ತಗುಲಿ ದಿಕ್ಕು ತಪ್ಪಿದ ಫೌಲ್ ಚೆಂಡು ತಾಗಿ, ಪ್ಲೇಟಿನ ಹಿಂದೆ ಕೂತ ಕ್ಯಾಚರ್ ನೊಂದಾಗ ಅಂಪೈರ್ ಮುಂದೆ ಬಂದು, ಬಾಗಿ, ಸ್ವಚ್ಛವಾಗೇ ಇರುವ ಪ್ಲೇಟನ್ನು ಪುಟ್ಟ ಬ್ರಷ್‌ನಿಂದ ಮತ್ತೆ ಗುಡಿಸುತ್ತಾರೆ. ಹುಡುಗನಿಗೆ ಉಸಿರು ತೆಗೆದುಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ. ಈ ಕಸುಬಿನ ಅತಿ ಸುಂದರ ಚಲನೆ ಇದು. ಸಿಟ್ಟಿಗೆದ್ದ ಕೋಚ್ ತಣ್ಣಗಾಗುವುದಕ್ಕೂ ಅದೇ ಅರ್ಧ ನಿಮಿಷ ಒದಗುತ್ತದೆ. ಆಗಲೂ ತಣಿಯದೆ ಹೊರಬಿದ್ದ ಕೋಚ್ ಒಡನೆ ಮೈದಾನ ಬಿಡಬೇಕು; ತಂಡದ ಮುಂದಿನ ಪಂದ್ಯಕ್ಕೂ ಅವರು ಬರುವಂತಿಲ್ಲ.